ಹಳೆಯ ಕಾರಿಗೆ ಬೇರೆ ಕಾರಿನ ಸೀಟು

1950–60ರ ದಶಕದ ಕಾರಿನ ಸೀಟನ್ನು ಬಿಚ್ಚಿ ನೋಡಿದರೆ ಹಳೆಯ ಕಾಲದ ಸೋಫಾದೊಳಗಿನ ಸರಕೇ ಸಿಗುತ್ತದೆ. ಬಗ್ಗಿಸಿದ ಉಕ್ಕಿನ ಕೊಳವೆಯ ಚೌಕಟ್ಟು, ಅದರ ಮೇಲೆ ಸುರುಳಿ ಸ್ಪ್ರಿಂಗುಗಳ ಸಾಲು, ಸ್ಪ್ರಿಂಗು ಚುಚ್ಚದಂತೆ ಒಂದು ಪದರ ಗೋಣಿಬಟ್ಟೆ, ಅದರ ಮೇಲೆ ಕುದುರೆಗೂದಲು ಇಲ್ಲವೇ ರಬ್ಬರು ಹಾಲು ಹಾಕಿ ಗಟ್ಟಿಗೊಳಿಸಿದ ತೆಂಗಿನ ನಾರು, ಎಲ್ಲಕ್ಕೂ ಮೇಲೆ ಚರ್ಮ ಅಥವಾ ರೆಕ್ಸಿನ್. ಬ್ರಿಟನ್ನಿನ ಎಂಜಿಬಿಯಂಥ ಕಾರುಗಳಲ್ಲಿ ಸ್ಪ್ರಿಂಗಿನ ಜಾಗಕ್ಕೆ ರಬ್ಬರು ಪಟ್ಟಿಗಳು ಬಂದವು. ನಲವತ್ತು ಐವತ್ತು ವರ್ಷ ಕಳೆದ ಮೇಲೆ ಈ ಯಾವುದೂ ಮೊದಲಿನಂತೆ ಉಳಿಯುವುದಿಲ್ಲ. ಸ್ಪ್ರಿಂಗು ಕುಸಿಯುತ್ತದೆ, ನಾರು ಪುಡಿಯಾಗಿ ಉದುರುತ್ತದೆ, ರಬ್ಬರು ಬಿರಿಯುತ್ತದೆ. ಆಗ ಮಾಲೀಕನಿಗೆ ಬರುವ ಯೋಚನೆಗಳಲ್ಲಿ ಒಂದು, ಹೊಸ ಕಾಲದ ಯಾವುದಾದರೂ ಕಾರಿನ ಸೀಟನ್ನು ತಂದು ಕೂರಿಸುವುದು.

ಭಾರತದಲ್ಲಿ ಈ ಯೋಚನೆಗೆ ಇನ್ನೊಂದು ಕಾರಣವೂ ಇದೆ. ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಿಂದ 1950ರ ದಶಕದ ಕೊನೆಯಿಂದ 2014ರವರೆಗೆ ಹೊರಬಂದ ಅಂಬಾಸಿಡರ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಭಾರತೀಯ ರೂಪ. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ 1100ರಿಂದ ಬಂದದ್ದು. ದೀರ್ಘಕಾಲ ಈ ಎರಡರಲ್ಲೂ ಗೇರು ಲಿವರ್ ಇದ್ದದ್ದು ಸ್ಟಿಯರಿಂಗ್ ಕಂಬದ ಮೇಲೆ. ನೆಲದ ಮೇಲೆ ಗೇರಿನ ಕಡ್ಡಿ ಇಲ್ಲದ್ದರಿಂದ ಮುಂದೆಯೂ ಒಂದೇ ಉದ್ದನೆಯ ಬೆಂಚ್ ಸೀಟು ಹಾಕುವುದು ಸಾಧ್ಯವಾಯಿತು. ಡ್ರೈವರ್ ಪಕ್ಕದಲ್ಲಿ ಇಬ್ಬರು, ಇಬ್ಬರ ನಡುವೆ ಒಂದು ಮಗು, ಇಷ್ಟೂ ಜನ ಮುಂದೆಯೇ ಹಿಡಿಯುತ್ತಿದ್ದರು. 1983ರ ಕೊನೆಯಲ್ಲಿ ಬಂದ ಮಾರುತಿ 800 ನೆಲದ ಗೇರನ್ನೂ ಬಿಡಿಬಿಡಿಯಾದ ಬಕೆಟ್ ಸೀಟುಗಳನ್ನೂ ಮಧ್ಯಮವರ್ಗಕ್ಕೆ ರೂಢಿ ಮಾಡಿಸಿತು. ಅಲ್ಲಿಂದ ಮುಂದೆ ಬೆಂಚ್ ಸೀಟು ಹಳೆಯ ಕಾಲದ್ದಾಗಿ ಕಾಣತೊಡಗಿತು. ಬೆಂಚಿನಲ್ಲಿ ಉದ್ದ ಕಾಲಿನ ಡ್ರೈವರ್ ಸೀಟು ಹಿಂದಕ್ಕೆ ಸರಿಸಿದರೆ ಪಕ್ಕದವರೂ ಅವನ ಜೊತೆ ಹಿಂದಕ್ಕೆ ಹೋಗಬೇಕು. ತಿರುವಿನಲ್ಲಿ ದೇಹವನ್ನು ಹಿಡಿದಿಡುವ ಅಂಚೂ ಇಲ್ಲ. ಇವೆಲ್ಲ ಸುಖದ ಮಾತಾಯಿತು. ಸುರಕ್ಷತೆಯ ದೃಷ್ಟಿಯಿಂದ ದೊಡ್ಡ ಕೊರತೆ ಬೆನ್ನೊರಗು ಭುಜದ ಕೆಳಗೇ ನಿಂತುಬಿಡುವುದು. ಹಿಂದಿನಿಂದ ಬೇರೆ ವಾಹನ ಗುದ್ದಿದಾಗ ದೇಹ ಸೀಟಿನೊಡನೆ ಮುಂದಕ್ಕೆ ಚಿಮ್ಮುತ್ತದೆ, ಆಸರೆ ಇಲ್ಲದ ತಲೆ ಹಿಂದುಳಿದು ಕುತ್ತಿಗೆ ಝಾಡಿಸಿದಂತಾಗುತ್ತದೆ. ಅಮೆರಿಕದಲ್ಲಿ ಮುಂದಿನ ಸೀಟುಗಳಿಗೆ ತಲೆಯಾಸರೆ ಕಡ್ಡಾಯವಾದದ್ದು 1969ರ ಜನವರಿ 1ರಿಂದ. ಅದಕ್ಕೂ ಹಿಂದಿನ ಬಹುಪಾಲು ಕಾರುಗಳಿಗೆ ಅದು ಇಲ್ಲ.

ಆದರೂ ಸೀಟು ಬದಲಾಯಿಸುವ ಮೊದಲು ಇರುವ ಸೀಟನ್ನೇ ಸರಿಮಾಡಬಹುದೇ ಎಂದು ನೋಡುವುದು ಒಳ್ಳೆಯದು. ಸೀಟು ಕೆಟ್ಟಿದೆ ಎನ್ನುವ ಹತ್ತು ಕಾರುಗಳಲ್ಲಿ ಹೆಚ್ಚಿನವುಗಳ ಚೌಕಟ್ಟು ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಅದರ ಮೇಲಿನ ಮೆತ್ತೆ. ಒಳ್ಳೆಯ ಕುಶನ್ ಕೆಲಸದವರು ಸ್ಪ್ರಿಂಗು ಬದಲಿಸಿ, ಹೊಸ ಪಟ್ಟಿ ಬಿಗಿದು, ಒತ್ತಾದ ಫೋಮು ಹಾಕಿ ಕೊಟ್ಟರೆ ಬೆನ್ನುನೋವಿನ ದೂರು ಅಲ್ಲಿಗೇ ಮುಗಿಯಬಹುದು. ಕಾರಿನ ಮೂಲರೂಪಕ್ಕೂ ಧಕ್ಕೆ ಇಲ್ಲ. ಬೇರೆ ಕಾರಿನ ಸೀಟಿಗೆ ನಿಜವಾದ ಕಾರಣ ಹುಟ್ಟುವುದು ಮೂಲ ಸೀಟೇ ಕಳೆದುಹೋಗಿದ್ದಾಗ, ಚೌಕಟ್ಟೇ ತುಕ್ಕು ತಿಂದಾಗ, ಇಲ್ಲವೇ ಕಾರನ್ನು ಹೆದ್ದಾರಿಯಲ್ಲಿ ದಿನವೂ ಓಡಿಸುವ ಉದ್ದೇಶವಿದ್ದು ತಲೆಯಾಸರೆ ಬೇಕೇಬೇಕು ಎನಿಸಿದಾಗ.

ಯಾವ ಕಾರಿನ ಸೀಟು ಯಾವುದಕ್ಕೆ ಒಗ್ಗುತ್ತದೆ ಎಂಬುದಕ್ಕೆ ಬ್ರಿಟನ್ ಮತ್ತು ಅಮೆರಿಕದ ಹವ್ಯಾಸಿಗಳ ನಡುವೆ ಬಹಳ ಚಾಲ್ತಿಯಲ್ಲಿರುವ ಒಂದು ಜೋಡಿ ಒಳ್ಳೆಯ ಉದಾಹರಣೆ. ಎಂಜಿಬಿ 1962ರಿಂದ 1980ರವರೆಗೆ ತಯಾರಾದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. 1989ರಲ್ಲಿ ಬಂದ ಜಪಾನಿನ ಮಾಜ್ದಾ ಎಂಎಕ್ಸ್-5 ಕೂಡ ಅದೇ ಜಾತಿಯದು. ತೆರೆದ ಮಾಡು, ಇಬ್ಬರಿಗಷ್ಟೇ ಜಾಗ, ನೆಲಕ್ಕೆ ಹತ್ತಿರದ ಕೂರುವಿಕೆ, ನಡುವೆ ಪ್ರೊಪೆಲ್ಲರ್ ಶಾಫ್ಟು ಹಾಯುವ ಸುರಂಗ. ಹೀಗಾಗಿ ಎಂಎಕ್ಸ್-5ರ ಸೀಟು ಅಗಲದಲ್ಲಿ ಕಿರಿದು, ಎತ್ತರದಲ್ಲಿ ಗಿಡ್ಡ, ತಲೆಯಾಸರೆ ಬೆನ್ನಿಗೇ ಕೂಡಿಕೊಂಡಿದೆ. ಮಾಡು ತೆರೆದಾಗಲೂ ಹಾಡು ಕೇಳಿಸಲಿ ಎಂದು ಕೆಲವುಗಳ ತಲೆಯಾಸರೆಯಲ್ಲೇ ಸ್ಪೀಕರ್ ಇರುವುದು ಬೇರೆ. ಎಂಜಿಬಿಯ ಮೂಲ ಸೀಟಿನ ಜಾರುಪಟ್ಟಿಗಳ ಕೆಳಗೆ ಮರದ ಪಟ್ಟಿಗಳನ್ನು ಕೊಟ್ಟು ಎತ್ತರಿಸಿರುತ್ತಾರೆ. ಹೊಸ ಸೀಟು ದಪ್ಪವಾಗಿ ಡ್ರೈವರ್ ಎತ್ತರವಾದರೆ ಆ ಮರದ ಪಟ್ಟಿ ತೆಗೆದು ಒಂದಿಷ್ಟು ಇಳಿಸಿಕೊಳ್ಳುವ ಅವಕಾಶವಿದೆ. ಹೋಲುವ ಉದ್ದೇಶಕ್ಕೆ ಕಟ್ಟಿದ ಕಾರಿನಿಂದ ಸೀಟು ತಂದರೆ ಅರ್ಧ ಕೆಲಸ ಆದಂತೆ ಎನ್ನುವುದು ಈ ಜೋಡಿಯಿಂದ ಗೊತ್ತಾಗುತ್ತದೆ.

1959ರ ಮಿನಿಯದು ಬೇರೆ ಸಮಸ್ಯೆ. ಕಾರಿನ ಉದ್ದವೇ ಸುಮಾರು 3.05 ಮೀಟರ್, ಬಾಗಿಲು ಎರಡೇ. ಹಿಂದೆ ಕೂರುವವರು ಮುಂದಿನ ಸೀಟನ್ನು ಮಡಚಿ ದಾಟಿ ಹೋಗಬೇಕು. ಅದಕ್ಕೇ ಮಿನಿಯ ಮೂಲ ಸೀಟಿನ ಮುಂಗಾಲುಗಳು ಅಡ್ಡ ತೊಲೆಯ ಮೇಲೆ ತಿರುಗಣೆಯಂತೆ ಕೂತು ಇಡೀ ಸೀಟು ಮುಂದಕ್ಕೆ ಬಾಗುತ್ತದೆ. ಇಂಥ ಕಾರಿಗೆ ನಾಲ್ಕು ಬಾಗಿಲಿನ ಕಾರಿನ ಸೀಟು ತಂದರೆ ಹಿಂದಿನವರು ಒಳಗೆ ಹೋಗುವ ದಾರಿಯೇ ಮುಚ್ಚುತ್ತದೆ. ಬೆನ್ನೊರಗು ಮುಂದಕ್ಕೆ ಮಡಚಿ, ತಾನೇ ಕಚ್ಚಿಕೊಳ್ಳುವ ಚಿಲಕವಿರುವ ಸೀಟೇ ಬೇಕು. ಮಡಚುವ ಸೀಟಿಗೆ ಚಿಲಕ ಇಲ್ಲದಿದ್ದರೆ ಗಟ್ಟಿಯಾಗಿ ಬ್ರೇಕು ಒತ್ತಿದಾಗ ಅದು ಕೂತವರ ಬೆನ್ನ ಮೇಲೇ ಬೀಳುತ್ತದೆ. ಎರಡು ಬಾಗಿಲಿನ ಬೀಟಲ್, ಮದರಾಸಿನಲ್ಲಿ ತಯಾರಾದ ಆರಂಭಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಇವಕ್ಕೂ ಇದೇ ಮಾತು ಅನ್ವಯ. ಪದ್ಮಿನಿ, ಅಂಬಾಸಿಡರ್‌ಗಳಿಗೆ ಈ ತಾಪತ್ರಯವಿಲ್ಲ. ಗುಜರಿಯಲ್ಲಿ ಧಾರಾಳವಾಗಿ ಸಿಗುವ ಹಳೆಯ ಹ್ಯಾಚ್‌ಬ್ಯಾಕ್‌ಗಳ ಸೀಟು ಪದ್ಮಿನಿಗೆ ಅಳತೆಯಲ್ಲಿ ಹತ್ತಿರ ಬರುತ್ತದೆ. ಅಂಬಾಸಿಡರ್ ಅಗಲವಾದ ಕಾರು. ಅದರಲ್ಲಿ ಸಣ್ಣ ಕಾರಿನ ಸೀಟು ಹಾಕಿದರೆ ನಡುವೆ ದೊಡ್ಡ ಅಂತರ ಉಳಿದು ಒಳಾಂಗಣವೇ ಬಡವಾಗಿ ಕಾಣುತ್ತದೆ.

ಸೀಟು ಕೊಳ್ಳುವ ಮೊದಲು ಅಳತೆ ಪಟ್ಟಿ ಹಿಡಿಯಬೇಕು. ಬಾಗಿಲಿನ ಕೆಳಗಿನ ಹೊಸ್ತಿಲ ಪಟ್ಟಿಯಿಂದ ನಡುವಿನ ಸುರಂಗದವರೆಗಿನ ಅಗಲ ಮೊದಲನೆಯದು. ಸೀಟಿನ ಅಗಲ ಅಳೆಯುವಾಗ ಮೆತ್ತೆಯಷ್ಟನ್ನೇ ಲೆಕ್ಕಕ್ಕೆ ಹಿಡಿದವರು ಕೊನೆಗೆ ಪೇಚಿಗೆ ಸಿಕ್ಕುತ್ತಾರೆ. ಬೆನ್ನೊರಗು ಬಾಗಿಸುವ ಗುಬ್ಬಿ, ಲಿವರ್, ಪ್ಲಾಸ್ಟಿಕ್ ಮುಚ್ಚಳ ಇವು ಪಕ್ಕಕ್ಕೆ ಚಾಚಿಕೊಂಡಿದ್ದು, ಬಾಗಿಲು ಮುಚ್ಚಿದ ಮೇಲೆ ಕೈ ತೂರಿಸಲು ಜಾಗವಿರುವುದಿಲ್ಲ. ಎರಡನೆಯದು ಎತ್ತರ. ಹೊಸ ಸೀಟಿನ ಫೋಮು ಗಟ್ಟಿ, ಕೂತಾಗ ಹಳೆಯ ಸ್ಪ್ರಿಂಗು ಸೀಟಿನಷ್ಟು ಇಳಿಯುವುದಿಲ್ಲ. ಖಾಲಿ ಸೀಟಿನ ಎತ್ತರ ಅಳೆದು ಸರಿಹೋಗುತ್ತದೆ ಎಂದುಕೊಂಡರೆ ಕೂತಾಗ ತಲೆ ಮಾಡಿಗೆ ತಾಗುತ್ತದೆ, ತೊಡೆ ಸ್ಟಿಯರಿಂಗಿಗೆ ಉಜ್ಜುತ್ತದೆ, ಕಣ್ಣಿನ ಮಟ್ಟ ಮುಂಗಾಜಿನ ಮೇಲಂಚಿಗೆ ಬರುತ್ತದೆ. ಕಾರು ವಿನ್ಯಾಸಕರು ಕೂತವರ ಸೊಂಟದ ಕೀಲು ಎಲ್ಲಿ ಬರುತ್ತದೆ ಎಂಬ ಒಂದು ಬಿಂದುವನ್ನು ಹಿಡಿದೇ ಪೆಡಲು, ಸ್ಟಿಯರಿಂಗ್, ಕನ್ನಡಿ ಎಲ್ಲದರ ಜಾಗ ನಿರ್ಧರಿಸುತ್ತಾರೆ. ಹೊಸ ಸೀಟಿನಲ್ಲೂ ಆ ಬಿಂದು ಹಳೆಯ ಜಾಗಕ್ಕೆ ಆದಷ್ಟು ಹತ್ತಿರ ಬರಬೇಕು. ಮೂರನೆಯದು ನಡುಗೆರೆ. ಸೀಟಿನ ನಡುಗೆರೆ ಸ್ಟಿಯರಿಂಗಿನ ನಡುವಿಗೆ ನೇರ ಇಲ್ಲದಿದ್ದರೆ ಅರ್ಧ ಗಂಟೆ ಓಡಿಸಿದರೂ ಸೊಂಟ ತಿರುಚಿದಂತಾಗುತ್ತದೆ. ಇದನ್ನೆಲ್ಲ ಕಾಗದದ ಮೇಲೆ ಲೆಕ್ಕ ಹಾಕುವುದಕ್ಕಿಂತ, ಸೀಟನ್ನು ಮರದ ತುಂಡುಗಳ ಮೇಲಿಟ್ಟು, ನಿಂತ ಕಾರಿನಲ್ಲೇ ಕೂತು, ಕ್ಲಚ್ಚು ಪೂರ್ತಿ ಒತ್ತಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಹ್ಯಾಂಡ್‌ಬ್ರೇಕು ಎಳೆದು ನೋಡುವುದು ಹೆಚ್ಚು ಪ್ರಯೋಜನಕಾರಿ.

ಇನ್ನು ಕೂರಿಸುವ ಕೆಲಸ. ನಿಜವಾದ ತೊಡಕು ಇರುವುದು ಇಲ್ಲೇ. ಸೀಟಿನ ಬೋಲ್ಟು ತೂತುಗಳ ನಡುವಿನ ಅಂತರಕ್ಕೆ ಎಲ್ಲ ಕಾರುಗಳಿಗೂ ಒಪ್ಪುವ ಅಳತೆ ಇಲ್ಲ. ಹೊಸ ಕಾರುಗಳ ಸೀಟಿನ ಕಾಲುಗಳು ಒಂದೇ ಎತ್ತರದಲ್ಲೂ ಇರುವುದಿಲ್ಲ. ಒಂದು ಕಾಲು ಹೊಸ್ತಿಲ ಪಟ್ಟಿಗೆ, ಇನ್ನೊಂದು ಸುರಂಗದ ಪಕ್ಕಕ್ಕೆ, ಮುಂದಿನವು ಅಡ್ಡ ತೊಲೆಯ ಮೇಲೆ, ಹೀಗೆ ಆ ಕಾರಿನ ನೆಲದ ಆಕಾರಕ್ಕೆ ತಕ್ಕಂತೆ ಬಾಗಿರುತ್ತವೆ. ಅದನ್ನು ಚಪ್ಪಟೆ ನೆಲದ ಹಳೆಯ ಕಾರಿಗೆ ನೇರವಾಗಿ ಬಿಗಿಯಲು ಬರುವುದಿಲ್ಲ. ಆ ಬಾಗಿದ ಕಾಲುಗಳನ್ನು ಕತ್ತರಿಸಿ ಆಂಗಲ್ ಪಟ್ಟಿ ವೆಲ್ಡ್ ಮಾಡಿಬಿಡುವುದು ಬೀದಿಬದಿಯ ಗ್ಯಾರೇಜುಗಳ ಸುಲಭದ ದಾರಿ. ಅದು ಕೆಟ್ಟ ದಾರಿ. ಜಾರುಪಟ್ಟಿಯ ಉಕ್ಕು ಮತ್ತು ಅದರ ಹಲ್ಲುಗಳನ್ನು ಬಲಕ್ಕೆಂದೇ ಹದಮಾಡಿರುತ್ತಾರೆ. ವೆಲ್ಡಿಂಗಿನ ಕಾವು ಆ ಹದವನ್ನು ಕೆಡಿಸುತ್ತದೆ. ಮೇಲಾಗಿ ಹಳೆಯ ಕಾರುಗಳ ನೆಲದಡಿಯಲ್ಲೇ ಪೆಟ್ರೋಲಿನ ಕೊಳವೆ, ಬ್ರೇಕಿನ ಕೊಳವೆ ಹಾದುಹೋಗಿರುವುದುಂಟು.

ಸರಿಯಾದ ದಾರಿ ಎಂದರೆ ಕಾರಿಗೂ ಸೀಟಿಗೂ ನಡುವೆ ಒಂದು ಪ್ರತ್ಯೇಕ ಚೌಕಟ್ಟು ಮಾಡಿಸುವುದು. ಗಟ್ಟಿ ಉಕ್ಕಿನ ಪಟ್ಟಿ ಇಲ್ಲವೇ ಚೌಕ ಪೈಪಿನಿಂದ ಮಾಡಿದ ಈ ಚೌಕಟ್ಟಿನ ಕೆಳಭಾಗ ಕಾರಿನ ಮೂಲ ತೂತುಗಳಿಗೂ ಮೇಲ್ಭಾಗ ಹೊಸ ಸೀಟಿನ ಕಾಲುಗಳಿಗೂ ಬೋಲ್ಟಿನಿಂದಲೇ ಕೂಡಬೇಕು. ಕಾರಿನಲ್ಲಿ ಹೊಸ ತೂತು ಬೀಳುವುದಿಲ್ಲ, ಸೀಟನ್ನೂ ಕತ್ತರಿಸಬೇಕಿಲ್ಲ, ನಾಳೆ ಬೇಡವೆನಿಸಿದರೆ ಅರ್ಧ ದಿನದಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡಬಹುದು. ಟೊಳ್ಳು ಪೈಪಿನ ಮೂಲಕ ಬೋಲ್ಟು ಹಾಯುವ ಕಡೆ ಒಳಗೊಂದು ಗಟ್ಟಿ ಕೊಳವೆಯ ತುಂಡು ಇಡಬೇಕು. ಇಲ್ಲದಿದ್ದರೆ ಬಿಗಿದಷ್ಟೂ ಪೈಪು ಚಪ್ಪಟೆಯಾಗಿ ಬೋಲ್ಟು ಸಡಿಲವಾಗುತ್ತಲೇ ಹೋಗುತ್ತದೆ.

ಹೊಸ ತೂತು ಕೊರೆಯುವುದು ಅನಿವಾರ್ಯವಾದರೆ ನೆಲದ ತಗಡು ಎಷ್ಟು ತೆಳುವೆಂಬುದು ನೆನಪಿರಬೇಕು. ಸಾಮಾನ್ಯವಾಗಿ ಅದು ಒಂದು ಮಿಲಿಮೀಟರಿನ ಆಸುಪಾಸು. ಬರೀ ವಾಷರ್ ಹಾಕಿ ಬಿಗಿದ ಬೋಲ್ಟು ಡಿಕ್ಕಿಯಾದಾಗ ಆ ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ. ತಗಡಿನ ಅಡಿಗೆ ಅಂಗೈ ಅಗಲದ, ಕೆಲವು ಮಿಲಿಮೀಟರ್ ದಪ್ಪದ ಉಕ್ಕಿನ ಫಲಕವಿಟ್ಟರೆ ಎಳೆತ ದೊಡ್ಡ ಜಾಗಕ್ಕೆ ಹಂಚಿಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ತಗಡು ತುಕ್ಕು ಹಿಡಿದಿದ್ದರೆ ಪ್ರಯೋಜನವಿಲ್ಲ. ಮಂಗಳೂರು, ಉಡುಪಿ ಕಡೆಯ ಮಳೆಯಲ್ಲಿ ಓಡಿದ ಹಳೆಯ ಕಾರುಗಳಲ್ಲಿ ಮ್ಯಾಟಿನ ಕೆಳಗೆ ನೀರು ನಿಂತು ನೆಲ ಒಳಗೊಳಗೇ ಸವೆದಿರುವುದು ಅಪರೂಪವಲ್ಲ. ಸೀಟಿನ ಕೆಲಸಕ್ಕೆ ಮುಂಚೆ ಟಿಂಕರಿಂಗ್ ಮುಗಿದಿರಬೇಕು.

ಬೋಲ್ಟಿನ ವಿಷಯದಲ್ಲಿ ಒಂದು ಸಣ್ಣ ಮೋಸವಿದೆ. ಹಳೆಯ ಬ್ರಿಟಿಷ್ ಕಾರುಗಳದು ಇಂಚಿನ ಅಳತೆ, ಜಪಾನಿ ಸೀಟುಗಳದು ಮೆಟ್ರಿಕ್. 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿಮೀ, ಎಂ8 ಬೋಲ್ಟಿನದು 8 ಮಿಮೀ. ಕಣ್ಣಿಗೆ ಎರಡೂ ಒಂದೇ. ಆದರೆ ಸಾಮಾನ್ಯ ಎಂ8ರ ಮರೆಗಳ (ಥ್ರೆಡ್) ನಡುವಿನ ಅಂತರ 1.25 ಮಿಮೀ, 5/16ರ ಸಣ್ಣ ಮರೆಯದು ಸುಮಾರು 1.06 ಮಿಮೀ. ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಚೆನ್ನಾಗಿ ಕೂತಿತು ಎಂದು ಮೆಕ್ಯಾನಿಕ್ ಇನ್ನಷ್ಟು ಒತ್ತಿ ತಿರುಗಿಸುತ್ತಾನೆ, ಒಳಗೆ ಮರೆ ಕಿತ್ತುಹೋಗಿರುತ್ತದೆ. ಇದಕ್ಕೆ ವಿಚಿತ್ರವಾದ ಅಪವಾದ ಸೀಟ್ ಬೆಲ್ಟಿನ ಬೋಲ್ಟು. ಪೂರ್ತಿ ಮೆಟ್ರಿಕ್ ಆದ ಆಧುನಿಕ ಕಾರುಗಳಲ್ಲೂ ಬಹುಮಟ್ಟಿಗೆ ಇಂದಿಗೂ ಅದು 7/16 ಇಂಚಿನದೇ. ಬೋಲ್ಟಿನ ದರ್ಜೆಯೂ ಮುಖ್ಯ. ತಲೆಯ ಮೇಲೆ 8.8 ಎಂದು ಅಚ್ಚಿರುವುದಕ್ಕಿಂತ ಕಡಿಮೆಯದು ಸೀಟಿಗೆ ಸಲ್ಲದು.

ಬಿಗಿಯುವಾಗಲೂ ಒಂದು ಕ್ರಮವಿದೆ. ಎಲ್ಲ ಬೋಲ್ಟುಗಳನ್ನೂ ಕೈಯಲ್ಲಿ ತಿರುಗಿಸಿ ಸಡಿಲವಾಗಿ ಬಿಟ್ಟು, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಮುಂದಿನವನ್ನೂ, ಪೂರ್ತಿ ಮುಂದಕ್ಕೆ ತಂದು ಹಿಂದಿನವನ್ನೂ ಬಿಗಿಯಬೇಕು. ಎರಡು ಜಾರುಪಟ್ಟಿಗಳು ಸಮಾನಾಂತರವಾಗಿರದಿದ್ದರೆ ಸೀಟು ಕಚ್ಚಿಕೊಂಡು ಸರಿಯುವುದಿಲ್ಲ. ಒಂದು ಪಟ್ಟಿ ಇನ್ನೊಂದಕ್ಕಿಂತ ಒಂದು ಹಲ್ಲು ಮುಂದಿದ್ದರೆ ಒಂದು ಬದಿಯ ಚಿಲಕ ಮಾತ್ರ ಬೀಳುತ್ತದೆ. ಕೂತವರಿಗೆ ಸೀಟು ಗಟ್ಟಿಯಾಗಿಯೇ ಇದೆ ಎನಿಸುತ್ತದೆ. ಬ್ರೇಕು ಹಾಕಿದ ಗಳಿಗೆಯಲ್ಲಿ ಡ್ರೈವರ್ ಸೀಟು ಜಾರಿದರೆ ಕಾಲು ಪೆಡಲಿನಿಂದ ತಪ್ಪಿಹೋಗುತ್ತದೆ. ಕೆಳಗೆ ಬಗ್ಗಿ, ಟಾರ್ಚು ಹಿಡಿದು, ಎರಡೂ ಬದಿಯ ಚಿಲಕವನ್ನು ಕಣ್ಣಾರೆ ನೋಡಲೇಬೇಕು.

ಬೆಲ್ಟಿನ ಪ್ರಶ್ನೆಯನ್ನು ಸೀಟಿನಿಂದ ಬೇರೆಮಾಡಲು ಬರುವುದಿಲ್ಲ. ವೋಲ್ವೋ ಸಂಸ್ಥೆಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುವಿನ ಬೆಲ್ಟು ಕಾರುಗಳಲ್ಲಿ ಬಂದದ್ದು 1959ರಲ್ಲಿ. ಭಾರತದಲ್ಲಿ ಮುಂದಿನ ಸೀಟಿಗೆ ಅದು ಕಡ್ಡಾಯವಾದದ್ದು 1990ರ ದಶಕದಲ್ಲಿ. ಆದ್ದರಿಂದ ಹಳೆಯ ಅಂಬಾಸಿಡರ್, ಫಿಯೆಟ್‌ಗಳಲ್ಲಿ ಬೆಲ್ಟೂ ಇಲ್ಲ, ಅದನ್ನು ಸಿಕ್ಕಿಸಲು ಬಲಪಡಿಸಿದ ಜಾಗವೂ ಇಲ್ಲದಿರಬಹುದು. ಹಳೆಯ ವ್ಯವಸ್ಥೆಯಲ್ಲಿ ಬೆಲ್ಟಿನ ಮೂರೂ ತುದಿಗಳು ಕಾರಿನ ಮೈಗೇ ಸೇರಿರುತ್ತವೆ. ಡಿಕ್ಕಿಯಲ್ಲಿ ವೇಗ ಗುರುತ್ವದ 20 ಪಟ್ಟಿನಷ್ಟು ತೀವ್ರವಾಗಿ ತಗ್ಗಿತು ಎಂದುಕೊಂಡರೆ 15 ಕೆಜಿಯ ಸೀಟು ತನ್ನ ಬೋಲ್ಟುಗಳನ್ನು 300 ಕೆಜಿ ತೂಕದಂತೆ ಎಳೆಯುತ್ತದೆ, 70 ಕೆಜಿಯ ಮನುಷ್ಯನ 1,400 ಕೆಜಿಯ ಎಳೆತ ಬೆಲ್ಟಿನ ಮೂಲಕ ನೇರ ಕಾರಿನ ಮೈಗೆ ಹೋಗುತ್ತದೆ. ಹೊಸ ಕಾರುಗಳಲ್ಲಿ ಬೆಲ್ಟಿನ ಬಕಲ್ ಸೀಟಿನ ಪಕ್ಕಕ್ಕೇ ಬಿಗಿದಿರುವುದು ಸಾಮಾನ್ಯ. ಸೀಟು ಮುಂದೆ ಹಿಂದೆ ಸರಿದಾಗ ಬಕಲೂ ಜೊತೆಯಲ್ಲೇ ಬರಲಿ ಎಂಬುದು ಉದ್ದೇಶ. ಅನುಕೂಲವೇನೋ ಹೌದು, ಆದರೆ ಮನುಷ್ಯನ ಎಳೆತದ ದೊಡ್ಡ ಪಾಲು ಈಗ ಜಾರುಪಟ್ಟಿಯ ಮೂಲಕ ಸೀಟಿನ ಬೋಲ್ಟುಗಳಿಗೆ ಬರುತ್ತದೆ. ಆ ಸೀಟು ಹುಟ್ಟಿದ ಕಾರಿನ ನೆಲ ಅದಕ್ಕೆ ಸಿದ್ಧವಾಗಿತ್ತು, 1960ರ ಕಾರಿನ ನೆಲ ಸಿದ್ಧವಾಗಿಲ್ಲ. ಯುರೋಪಿನ ನಿಯಮದ ಪರೀಕ್ಷೆಯಲ್ಲಿ ಬೆಲ್ಟಿನ ಭುಜದ ಭಾಗಕ್ಕೂ ಸೊಂಟದ ಭಾಗಕ್ಕೂ ಏಕಕಾಲಕ್ಕೆ ತಲಾ 13,500 ನ್ಯೂಟನ್, ಅಂದರೆ 1,300 ಕೆಜಿಗೂ ಮೀರಿದ ಎಳೆತ ಕೊಟ್ಟು ನೋಡುತ್ತಾರೆ. ಗ್ಯಾರೇಜಿನಲ್ಲಿ ಮಾಡಿದ ಚೌಕಟ್ಟನ್ನು ಹಾಗೆ ಪರೀಕ್ಷಿಸುವವರು ಯಾರೂ ಇಲ್ಲ.

ಹೀಗಾಗಿ ಸೀಟಿಗೆ ಅಂಟಿದ ಬಕಲನ್ನು ತೆಗೆದು, ಉದ್ದ ಕಾಲಿನ ಬಕಲೊಂದನ್ನು ಫಲಕ ಕೊಟ್ಟು ನೆಲಕ್ಕೋ ಸುರಂಗಕ್ಕೋ ಬೇರೆಯಾಗಿ ಬಿಗಿಯುವುದು ವಿವೇಕ. ಭುಜದ ತುದಿ ಬಾಗಿಲ ನಡುವಿನ ಕಂಬದಲ್ಲಿ, ಕೂತವರ ಭುಜದ ಮಟ್ಟದಲ್ಲಿ ಅಥವಾ ತುಸು ಮೇಲೆ ಇರಬೇಕು. ಅದು ಭುಜಕ್ಕಿಂತ ಕೆಳಗಿದ್ದರೆ ಬೆಲ್ಟು ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತದೆ. ಹೊಸ ಸೀಟು ಎತ್ತರವಾದಾಗ ಈ ತಪ್ಪು ಗೊತ್ತಿಲ್ಲದೇ ಆಗಿಬಿಡುತ್ತದೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಬರದೆ ಸೊಂಟದ ಮೂಳೆಯ ಮೇಲೆ ಕೂರಬೇಕು.

ತೀರ ಹೊಸ ಕಾರಿನ ಸೀಟಿನಲ್ಲಿ ಇನ್ನೊಂದು ಅಪಾಯ ಅಡಗಿದೆ. ಬೆನ್ನೊರಗಿನ ಅಂಚಿನಲ್ಲಿ ಏರ್‌ಬ್ಯಾಗ್, ಬಕಲಿನ ಬುಡದಲ್ಲಿ ಬೆಲ್ಟನ್ನು ಸೆಳೆದು ಬಿಗಿಯುವ ಸಿಡಿಮದ್ದಿನ ಸಾಧನ ಇರಬಹುದು. ಸೀಟಿನ ಕೆಳಗೆ ಹಳದಿ ಬಣ್ಣದ ವೈರ್ ಕನೆಕ್ಟರ್ ಕಂಡರೆ, ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಇದ್ದರೆ ಅದು ಈ ಜಾತಿಯ ಸೀಟು. ಹಳೆಯ ಕಾರಿನಲ್ಲಿ ಅದನ್ನು ಸಿಡಿಸುವ ಸಂವೇದಕವಾಗಲೀ ಕಂಪ್ಯೂಟರ್ ಆಗಲೀ ಇಲ್ಲವಾದ್ದರಿಂದ ಅದು ಕಾಪಾಡುವುದಿಲ್ಲ. ಆದರೆ ಒಳಗಿನ ಮದ್ದು ಜೀವಂತವಾಗಿಯೇ ಇರುತ್ತದೆ. ಕುತೂಹಲಕ್ಕೆ ಮಲ್ಟಿಮೀಟರ್ ಹಚ್ಚುವುದು, ಕುಶನ್ ಅಂಗಡಿಯಲ್ಲಿ ಹೊಲಿಗೆ ಬಿಚ್ಚುವುದು ಎರಡೂ ಅಪಾಯ. ಇಂಥ ಸೀಟನ್ನು ಹಳೆಯ ಕಾರಿಗೆ ತರದಿರುವುದೇ ಒಳ್ಳೆಯದು.

ಕರೆಂಟಿನಿಂದ ಸರಿಯುವ, ಬಿಸಿಯಾಗುವ ಸೀಟುಗಳೂ ಹಳೆಯ ಕಾರಿಗೆ ಭಾರವೇ. 1960ರ ದಶಕದ ಹೆಚ್ಚಿನ ಬೀಟಲ್‌ಗಳದು 6 ವೋಲ್ಟಿನ ವ್ಯವಸ್ಥೆ. 1967ರವರೆಗಿನ ಎಂಜಿಬಿಯಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ, ಈಗಿನದಕ್ಕೆ ಪೂರ್ತಿ ತಿರುಗುಮುರುಗು. ಇಂದಿನ ಸೀಟಿನ ಎಲೆಕ್ಟ್ರಾನಿಕ್ ಭಾಗ ಅಲ್ಲಿ ಸುಟ್ಟುಹೋಗುತ್ತದೆ. ಆ ಕಾಲದ ಡೈನಮೋ ಕೊಡುವುದು 20–25 ಆಂಪಿಯರ್ ಅಷ್ಟೇ. ರಾತ್ರಿ ಮಳೆಯಲ್ಲಿ ದೀಪ, ವೈಪರ್ ಎರಡೂ ಓಡುವಾಗ ಸೀಟಿಗೆ ಉಳಿಯುವುದು ಏನೂ ಇಲ್ಲ.

ಹೊಸ ಸೀಟು ಹಳೆಯ ಒಳಾಂಗಣದಲ್ಲಿ ಎದ್ದು ಕಾಣದಂತೆ ಮಾಡುವುದು ಕುಶನ್ ಕೆಲಸದವರ ಕೈಯಲ್ಲಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಈ ಕೆಲಸ ಬಲ್ಲವರಿದ್ದಾರೆ. ಹಿಂದಿನ ಸೀಟಿನ ನೆರಿಗೆಯ ಅಗಲ, ಅಂಚಿನ ಬೀಡಿಂಗಿನ ಬಣ್ಣ, ಬಾಗಿಲಿನ ಒಳಹೊದಿಕೆಯ ರೆಕ್ಸಿನ್ ಇವನ್ನು ತೋರಿಸಿ ಮುಂದಿನ ಸೀಟಿಗೂ ಅದೇ ಮಾದರಿಯಲ್ಲಿ ಹೊಲಿಸಿದರೆ ಬೇರೆ ಕಾರಿನ ಸೀಟು ಎಂಬುದು ತಟ್ಟನೆ ತಿಳಿಯುವುದಿಲ್ಲ. ಹಾಕುವ ಬಟ್ಟೆ, ಫೋಮು ವಾಹನಕ್ಕೆಂದೇ ತಯಾರಾದದ್ದಾಗಿರಬೇಕು. ವಾಹನದ ಒಳಸರಕು ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಉರಿಯಬಾರದು ಎನ್ನುವುದು ಅಮೆರಿಕದ ನಿಯಮ. ಮಂಚದ ಹಾಸಿಗೆಯ ಅಗ್ಗದ ಫೋಮಿಗೆ ಅಂಥ ಕಟ್ಟುಪಾಡಿಲ್ಲ.

ಕಾನೂನಿನ ಕಡೆಗೂ ಒಂದು ಕಣ್ಣಿರಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ತಯಾರಕರು ಮೂಲತಃ ನಮೂದಿಸಿದ, ಆರ್‌ಸಿಯಲ್ಲಿರುವ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಎಷ್ಟು ಜನ ಕೂರಬಹುದು ಎಂಬುದು ಆರ್‌ಸಿಯಲ್ಲಿ ಬರೆದಿರುತ್ತದೆ. ಬೆಂಚ್ ತೆಗೆದು ಎರಡು ಬಕೆಟ್ ಸೀಟು ಹಾಕಿದಾಗ ಆ ಸಂಖ್ಯೆ ಕಡಿಮೆಯಾಗುವುದಾದರೆ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ವಿಮಾ ಕಂಪನಿಗೂ ಬರಹದಲ್ಲಿ ತಿಳಿಸುವುದು ಕ್ಷೇಮ. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ, ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್, ಎಂಜಿನ್ ಮಾರ್ಪಾಡಾಗಿರಬಾರದು ಎನ್ನುತ್ತದೆ. ಸೀಟಿನ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ ನೆಲ ಕತ್ತರಿಸಿ ತೊಲೆ ವೆಲ್ಡ್ ಮಾಡಿಸಿದರೆ ಅದು ಬಾಡಿಯ ಮಾರ್ಪಾಡೆಂದೇ ಲೆಕ್ಕಕ್ಕೆ ಬರಬಹುದು. 1966ರಲ್ಲಿ ಸ್ಥಾಪನೆಯಾದ, ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಕೂಡ ಮಾರ್ಪಾಡು ಹಿಂದಿರುಗಿಸಲು ಬರುವಂತಿರಬೇಕು ಎಂಬುದಕ್ಕೇ ಒತ್ತು ಕೊಡುತ್ತದೆ.

ತೆಗೆದಿಟ್ಟ ಮೂಲ ಸೀಟನ್ನು ಗುಜರಿಗೆ ಹಾಕುವವರು ಮುಂದೆ ಕಾರು ಮಾರುವಾಗ ಪಶ್ಚಾತ್ತಾಪ ಪಡುತ್ತಾರೆ. ಕೊಳ್ಳುವವರು ಮೊದಲು ಕೇಳುವುದೇ ಅದನ್ನು. ಒಣ ಜಾಗದಲ್ಲಿ, ನೆಲದಿಂದ ಎತ್ತರಿಸಿ, ಮೇಲೆ ಏನೂ ಹೇರದೆ, ಹತ್ತಿ ಬಟ್ಟೆ ಹೊದಿಸಿ ಇಡಬೇಕು. ಪ್ಲಾಸ್ಟಿಕ್ ಸುತ್ತಿದರೆ ಒಳಗೆ ಬೆವರಿ ಚರ್ಮಕ್ಕೆ ಬೂಸಲು ಹಿಡಿಯುತ್ತದೆ, ಚೌಕಟ್ಟಿಗೆ ತುಕ್ಕು. ನಾರು ತುಂಬಿದ ಸೀಟೆಂದರೆ ಇಲಿಗಳಿಗೆ ಇಷ್ಟ, ಆಗಾಗ ತಿರುವಿ ನೋಡುತ್ತಿರಬೇಕು. ಅದರ ಬೋಲ್ಟು, ಮರದ ಪಟ್ಟಿ, ವಾಷರ್‌ಗಳನ್ನು ಒಂದು ಡಬ್ಬಿಗೆ ಹಾಕಿ, ಯಾವುದು ಎಲ್ಲಿಯದು ಎಂದು ಬರೆದು ಸೀಟಿಗೇ ಕಟ್ಟಿಡುವುದು ವಾಡಿಕೆ. ಹೊಸ ಸೀಟಿನ ಬೋಲ್ಟುಗಳನ್ನು ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಆಮೇಲೆ ಪ್ರತಿ ಸರ್ವೀಸಿನಲ್ಲೂ ಬ್ರೇಕು, ಸ್ಟಿಯರಿಂಗ್ ನೋಡುವಾಗ ಇವನ್ನೂ ನೋಡಿದರೆ ಸಾಕು.